‘ಚೆಕ್’ ಪದದ ಬೇರು ಹುಡುಕುವುದು ಹೇಗೆ? ಹೆಜ್ಜೆ ಹೆಜ್ಜೆಯಾಗಿ ಒಂದು ಮಾರ್ಗದರ್ಶಿ

ಹೋದ ತಿಂಗಳು ಮಗಳಿಗೆ ಸ್ಕೂಲ್ ಡೇಗೆ ಚೆಕ್ಸ್ ಶರ್ಟ್ ಬೇಕಿತ್ತು. ಅಂಗಡಿಗೆ ಹೋಗುವ ದಾರಿಯಲ್ಲೇ ಬ್ಯಾಂಕಿನ ಡಬ್ಬಕ್ಕೆ ಒಂದು ಚೆಕ್ ಹಾಕುವುದಿತ್ತು, ಹಾಕಿ ಬಂದೆ. ಸ್ಕೂಟರ್ ಹಿಂದೆ ಕೂತವಳು ಕೇಳಿದಳು: “ಅಪ್ಪಾ, ಆ ಚೆಕ್ಕಿಗೂ ಈ ಚೆಕ್ಸಿಗೂ ಒಂದೇ ಹೆಸರು ಯಾಕೆ?”

ನನಗೆ ಗೊತ್ತಿರಲಿಲ್ಲ. ಗ್ಯಾಸ್ ಆಫ್ ಆಗಿದೆಯಾ ಚೆಕ್ ಮಾಡು, ಮೆಸೇಜ್ ಬಂತಾ ಚೆಕ್ ಮಾಡು ಅಂತ ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಪದ. ಅದರ ಬೆನ್ನು ಹತ್ತಿದ್ದು ಅವತ್ತೇ. ಮೂರು ಸಂಜೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಏನು ಅಂದರೆ, ಬ್ಯಾಂಕಿನ ಚೆಕ್ಕು, ಶರ್ಟಿನ ಚೆಕ್ಸು, ಹಳ್ಳಕ್ಕೆ ಕಟ್ಟುವ ಚೆಕ್ ಡ್ಯಾಮು, ಡಾಕ್ಟರ ಹತ್ತಿರದ ಚೆಕಪ್ಪು ಎಲ್ಲವೂ ಚದುರಂಗದ ಹಲಗೆಯ ಮೇಲೆ ಕೂಗುವ ಒಂದೇ ಒಂದು ಕೂಗಿನಿಂದ ಹುಟ್ಟಿದವು. ಆ ಕೂಗಿನ ಅರ್ಥ ‘ರಾಜ’.

ನಾನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ಇಂಗ್ಲಿಷ್ ಪದಕ್ಕಾದರೂ ಇದೇ ದಾರಿ ಹಿಡಿಯಬಹುದು. ಬೇಕಾಗಿರುವುದು ಒಂದು ನೋಟ್‌ಬುಕ್, ಇಂಟರ್ನೆಟ್ ಮತ್ತು ಸ್ವಲ್ಪ ತಾಳ್ಮೆ.

ಹೆಜ್ಜೆ 1: ಮೊದಲು ಕಿವಿ, ಆಮೇಲೆ ನಿಘಂಟು

ಎಲ್ಲರೂ ಮಾಡುವ ತಪ್ಪು ಇದು, ನೇರವಾಗಿ ಗೂಗಲ್‌ನಲ್ಲಿ ಪದ ಹಾಕಿಬಿಡುತ್ತಾರೆ. ಬೇಡ. ಒಂದು ದಿನ ಸುಮ್ನೆ ಕೇಳಿಸಿಕೊಳ್ಳಿ. ಆ ಪದ ನಿಮ್ಮ ಸುತ್ತ ಎಲ್ಲೆಲ್ಲಿ ಬರುತ್ತದೆ ಅಂತ ಬರೆದುಕೊಳ್ಳಿ. ನನ್ನ ಪಟ್ಟಿ ಹೀಗಿತ್ತು: ಚೆಕ್ ಬುಕ್, ಚೆಕ್ ಬೌನ್ಸ್, ಚೆಕ್ಸ್ ಲುಂಗಿ, ಚೆಕ್‌ಪೋಸ್ಟ್, ಬಸ್ಸಿನಲ್ಲಿ “ಚೆಕಿಂಗ್‌ನವರು ಹತ್ತಿದರು”, ಲಾಡ್ಜಿನ ಚೆಕ್‌ಔಟ್ ಟೈಮು, ಚೆಸ್ ಆಡುವಾಗ “ಚೆಕ್!”, ಊರಿನಲ್ಲಿ ಅಣ್ಣ ಹೇಳುವ ಚೆಕ್ ಡ್ಯಾಮ್, ಆಮೇಲೆ ಜಮೀನಿನ ಕ್ರಯಪತ್ರದಲ್ಲಿ ಬರುವ ಚೆಕ್ಕುಬಂದಿ. ಕೊನೆಯದನ್ನು ನೆನಪಿಟ್ಟುಕೊಳ್ಳಿ, ಅದು ಈ ಮನೆಯದಲ್ಲ. ಅದರ ವಿಷಯ ಆಮೇಲೆ ಹೇಳುತ್ತೇನೆ.

ನಮ್ಮ ಬಾಯಲ್ಲಿರುವ ಪದದಿಂದ ಶುರು ಮಾಡಲು ಕಾರಣ ಇದೆ. ಕನ್ನಡಕ್ಕೆ ಬಂದ ಇಂಗ್ಲಿಷ್ ಪದ ತನ್ನ ಎಲ್ಲಾ ಅರ್ಥಗಳನ್ನೂ ಹೊತ್ತು ತರುವುದಿಲ್ಲ, ಕೆಲವನ್ನು ಮಾತ್ರ ತರುತ್ತದೆ. ಅಮೆರಿಕದ ಹೋಟೆಲಿನಲ್ಲಿ ಊಟದ ಬಿಲ್ಲಿಗೂ ಚೆಕ್ ಅಂತಾರೆ. ನಾವು ಹಾಗೆ ಅನ್ನುವುದಿಲ್ಲ, ಬಿಲ್ ಅಂತಲೇ ಕೇಳುತ್ತೇವೆ. ಯಾವುದು ಬಂದಿದೆ, ಯಾವುದು ಬಂದಿಲ್ಲ ಅನ್ನುವುದು ಮೊದಲೇ ಗೊತ್ತಿದ್ದರೆ ನಿಘಂಟು ಓದುವಾಗ ಕಣ್ಣು ಚುರುಕಾಗುತ್ತದೆ.

ಹೆಜ್ಜೆ 2: ಅರ್ಥಗಳನ್ನು ಗುಂಪು ಮಾಡಿ

ಪಟ್ಟಿಯ ಪ್ರತಿಯೊಂದು ಬಳಕೆಯ ಜಾಗದಲ್ಲೂ ಒಂದು ಕನ್ನಡ ಪದ ಇಟ್ಟು ನೋಡಿ. ಕೂತರೆ ಅದೇ ಆ ಅರ್ಥ. ‘ಗ್ಯಾಸ್ ಚೆಕ್ ಮಾಡು’ ಅಂದರೆ ನೋಡು, ಪರೀಕ್ಷಿಸು. ಚೆಕ್ಸ್ ಶರ್ಟ್ ಅಂದರೆ ಚೌಕಳಿ ಶರ್ಟ್. ಬ್ಯಾಂಕಿನದು ಒಂದು ಕಾಗದ.

ಚೆಕ್ ಡ್ಯಾಮ್ ವಿಷಯದಲ್ಲಿ ನಾನು ತುಂಬಾ ವರ್ಷ ತಪ್ಪು ತಿಳಿದಿದ್ದೆ. ನೀರು ಎಷ್ಟಿದೆ ಅಂತ ಚೆಕ್ ಮಾಡುವುದಕ್ಕೆ ಕಟ್ಟಿದ್ದು ಅಂದುಕೊಂಡಿದ್ದೆ. ಆದರೆ ಹಳ್ಳದ ಹತ್ತಿರ ನಿಂತು ನೋಡಿದರೆ ಅದು ಮಾಡುವ ಕೆಲಸವೇ ಬೇರೆ. ಸೊಂಟದೆತ್ತರದ ಗೋಡೆ, ಅಡ್ಡಕ್ಕೆ ಕಟ್ಟಿರುತ್ತದೆ. ಮಳೆ ಬಂದಾಗ ರಭಸವಾಗಿ ಬಂದ ಕೆಂಪು ನೀರು ಅದಕ್ಕೆ ತಾಗಿ ಸುಸ್ತಾಗುತ್ತದೆ, ಮಣ್ಣು ಕೆಳಗೆ ಕೂರುತ್ತದೆ, ನೀರು ಇಂಗುತ್ತದೆ, ಜಾಸ್ತಿಯಾದದ್ದು ಮೇಲಿಂದ ಹರಿದುಹೋಗುತ್ತದೆ. ಅಂದರೆ ಇಲ್ಲಿ ಚೆಕ್ ಅಂದರೆ ತಡೆ. ಪರೀಕ್ಷೆ ಅಲ್ಲವೇ ಅಲ್ಲ.

ಚೆಕ್‌ಪೋಸ್ಟ್‌ನಲ್ಲಿ ಎರಡೂ ಅರ್ಥ ಒಟ್ಟಿಗೆ ಇವೆ ನೋಡಿ. ಬಂಡೀಪುರದ ಕಾಡಿನ ರಸ್ತೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ, ಆ ಹೊತ್ತಿನಲ್ಲಿ ಅಲ್ಲಿನ ಚೆಕ್‌ಪೋಸ್ಟ್ ಗಾಡಿಗಳನ್ನು ತಡೆಯುತ್ತದೆ. ಹಗಲಿನಲ್ಲಿ ಅದೇ ಗೇಟಿನಲ್ಲಿ ನಿಲ್ಲಿಸಿ ನೋಡಿ ಬಿಡಬಹುದು. ಇಂಥ ಎರಡು ಅರ್ಥ ಕೂಡುವ ಜಾಗ ಸಿಕ್ಕರೆ ಗುರುತು ಹಾಕಿಕೊಳ್ಳಿ. ಒಂದು ಅರ್ಥ ಇನ್ನೊಂದಕ್ಕೆ ದಾಟಿದ್ದು ಇಂಥ ಕಡೆಯೇ ಇರುತ್ತದೆ.

ನನಗೆ ಕೊನೆಗೆ ಐದು ಗುಂಪು ಸಿಕ್ಕವು: ಚದುರಂಗದ ಕೂಗು, ತಡೆ, ಪರೀಕ್ಷೆ, ಚೌಕಳಿ, ಹಣದ ಕಾಗದ.

ಹೆಜ್ಜೆ 3: ಯಾವ ಅರ್ಥ ಹಿರಿಯದು ಅಂತ ನೋಡಿ

ಈಗ ನಿಘಂಟು ತೆರೆಯಿರಿ. ಆದರೆ ಯಾವ ನಿಘಂಟು ಅನ್ನುವುದು ಮುಖ್ಯ. ಫೋನಿನಲ್ಲಿರುವ ಸಾಮಾನ್ಯ ನಿಘಂಟು ಇವತ್ತು ಜಾಸ್ತಿ ಬಳಕೆಯಲ್ಲಿರುವ ಅರ್ಥವನ್ನು ಮೊದಲು ಕೊಡುತ್ತದೆ. ನಮಗೆ ಬೇಕಾದದ್ದು ಹಳೆಯ ಅರ್ಥವನ್ನು ಮೊದಲು ಕೊಡುವ ಚಾರಿತ್ರಿಕ ನಿಘಂಟು. ಇಂಗ್ಲಿಷಿಗೆ ಅಂಥದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. 1884ರಲ್ಲಿ ಮೊದಲ ಕಂತು ಬಂತು, ಮುಗಿದದ್ದು 1928ರಲ್ಲಿ. ಸಾವಿರಾರು ಜನ ಓದುಗರು ಹಳೆಯ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕಳಿಸಿದರು, ಆ ಚೀಟಿಗಳ ಮೇಲೆ ನಿಂತ ಕೆಲಸ ಅದು. ಅದಕ್ಕೆ ದುಡ್ಡು ಕೊಡಬೇಕು. ದುಡ್ಡಿಲ್ಲದೆ ಸಿಗುವುದು ಎಟಿಮ್‌ಆನ್‌ಲೈನ್ ಅನ್ನುವ ತಾಣ, ಶುರು ಮಾಡುವವರಿಗೆ ಅಷ್ಟು ಸಾಕು. ಕನ್ನಡದ ಕಡೆಯ ಪದಗಳಿಗೆ ಕಿಟ್ಟೆಲ್ ಅವರ 1894ರ ನಿಘಂಟು ಇದೆ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಇದೆ.

ನಿಘಂಟು ಓದುವಾಗ ಅರ್ಥದ ಪಕ್ಕದಲ್ಲಿರುವ ಕಾಲವನ್ನು ಮೊದಲು ಬರೆದುಕೊಳ್ಳಿ. ಚೆಕ್‌ಗೆ ಹೀಗೆ ಬಂತು. ಚದುರಂಗದ ಕೂಗಾಗಿ ಇಂಗ್ಲಿಷಿನಲ್ಲಿ ಕಾಣುವುದು 14ನೇ ಶತಮಾನದಲ್ಲಿ. ‘ತಡೆ’ ಅನ್ನುವ ಅರ್ಥ ಅದೇ ಶತಮಾನದ ಕೊನೆಗೆ. ಚೌಕಳಿ ಬಟ್ಟೆಯ ಅರ್ಥ 1400ರ ಆಸುಪಾಸು. ‘ಪರೀಕ್ಷಿಸು’ ಬಂದದ್ದು 17ನೇ ಶತಮಾನದ ಕೊನೆಗೆ, ಬ್ಯಾಂಕಿನ ಚೆಕ್ 18ನೇ ಶತಮಾನದ ಕೂಸು.

ನಾವು ದಿನಾ ಬಳಸುವ ‘ಚೆಕ್ ಮಾಡು’ ಚಿಕ್ಕ ವಯಸ್ಸಿನದು, ಅದಕ್ಕಿಂತ ಚಿಕ್ಕದು ಬ್ಯಾಂಕಿನ ಚೆಕ್ ಒಂದೇ! ಹಿರಿಯ ಚದುರಂಗದ ಚೆಕ್ಕೇ.

ಹೆಜ್ಜೆ 4: ಸದ್ದಿನ ಮೆಟ್ಟಿಲು ಇಳಿಯಿರಿ

ನಿಘಂಟಿನಲ್ಲಿ ಬೇರುಗಳನ್ನು ಸರಪಳಿಯಂತೆ ಕೊಟ್ಟಿರುತ್ತಾರೆ. ಅದನ್ನು ಕಣ್ಣಿನಲ್ಲಿ ಓದಬೇಡಿ, ಬಾಯಿಬಿಟ್ಟು ಹೇಳಿ. ಇಂಗ್ಲಿಷಿನ ಚೆಕ್‌ಗೆ ಹಿಂದೆ ಹಳೆಯ ಫ್ರೆಂಚಿನ ‘ಎಸ್ಚೆಕ್’. ಅದಕ್ಕೆ ಹಿಂದೆ ಮಧ್ಯಕಾಲದ ಲ್ಯಾಟಿನ್ನಿನ ‘ಸ್ಕಾಕುಸ್’. ಅದಕ್ಕೆ ಹಿಂದೆ ಅರಬ್ಬಿಯ ಮೂಲಕ ಬಂದ ಪರ್ಷಿಯನ್ನಿನ ‘ಶಾಹ್’, ಅಂದರೆ ರಾಜ.

ಶಾಹ್ ಎಲ್ಲಿ, ಚೆಕ್ ಎಲ್ಲಿ ಅನ್ನಿಸುತ್ತದೆ ಅಲ್ವಾ? ಒಂದೊಂದೇ ಮೆಟ್ಟಿಲು ನೋಡಿದರೆ ಅಷ್ಟು ದೂರ ಇಲ್ಲ. ಶಾಹ್‌ನ ಕೊನೆಯ ಹಕಾರ ಲ್ಯಾಟಿನ್ನಿಗೆ ಬಂದಾಗ ಕಕಾರವಾಯಿತು. ಮುಂದಿನ ಮೆಟ್ಟಿಲನ್ನು ಕನ್ನಡದವರಿಗೆ ವಿವರಿಸಲೇ ಬೇಕಾಗಿಲ್ಲ. ನಮ್ಮ ಅಜ್ಜಿ ಸ್ಕೂಲಿಗೆ ಏನನ್ನುತ್ತಿದ್ದರು? ಇಸ್ಕೂಲು. ಸ್ಟೇಷನ್‌ಗೆ ಇಸ್ಟೇಷನ್ನು. ಪದದ ಮೊದಲಿಗೇ ಸಕಾರ ಇನ್ನೊಂದು ವ್ಯಂಜನಕ್ಕೆ ಅಂಟಿಕೊಂಡಿದ್ದರೆ ನಾಲಿಗೆಗೆ ಕಷ್ಟ, ಅದಕ್ಕೆ ಮುಂದೆ ಒಂದು ಸ್ವರ ಇಟ್ಟುಕೊಳ್ಳುತ್ತೇವೆ. ಹಳೆಯ ಫ್ರೆಂಚರೂ ಅದನ್ನೇ ಮಾಡಿದರು. ಲ್ಯಾಟಿನ್ನಿನ ‘ಸ್ಕೋಲಾ’ ಅವರ ಬಾಯಲ್ಲಿ ‘ಎಸ್ಕೋಲ್’ ಆಯಿತು. ಹಾಗೆಯೇ ಸ್ಕಾಕುಸ್‌ನಿಂದ ಎಸ್ಚೆಕ್.

ಇಂಗ್ಲಿಷರು ಆ ಪದ ತೆಗೆದುಕೊಂಡಾಗ ತಲೆಯ ‘ಎಸ್’ ಉದುರಿತು, ಚೆಕ್ ಉಳಿಯಿತು. ಇದೇ ಎಸ್ಚೆಕ್‌ನ ಬಹುವಚನ ಸವೆದು ಸವೆದು ‘ಚೆಸ್’ ಆಯಿತು. ಅಂದರೆ ಚೆಸ್ ಅನ್ನುವ ಆಟದ ಹೆಸರಿನಲ್ಲಿ ಇರುವುದೂ ರಾಜನೇ. ನಮ್ಮ ಚದುರಂಗ ಅನ್ನುವ ಹೆಸರು ಬೇರೆ, ಅದು ಆನೆ, ಕುದುರೆ, ರಥ, ಕಾಲಾಳು ಅನ್ನುವ ನಾಲ್ಕು ಅಂಗದಿಂದ ಬಂದದ್ದು. ಆಟ ಇಲ್ಲಿಂದ ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯಿತು, ಅರಬ್ಬರ ಹತ್ತಿರ ಶತ್ರಂಜ್ ಆಯಿತು, ಅವರ ಜೊತೆ ಯುರೋಪ್ ಸೇರಿತು. ದಾರಿಯಲ್ಲಿ ಯುರೋಪಿನ ಬಹುಪಾಲು ಕಡೆ ಹಳೆಯ ಹೆಸರು ಬಿದ್ದುಹೋಗಿ ಕೂಗೇ ಹೆಸರಾಯಿತು.

ಮೆಟ್ಟಿಲು ಸರಿಯೋ ತಪ್ಪೋ ಅಂತ ತಿಳಿಯಲು ಒಂದು ಉಪಾಯ ಇದೆ. ಅಕ್ಕಪಕ್ಕದ ಭಾಷೆಗಳನ್ನು ಕೇಳಿ. ಜರ್ಮನರು ಚೆಸ್ಸಿಗೆ ‘ಶಾಖ್’ ಅಂತಾರೆ, ಇಟಲಿಯವರು ಚೆಕ್‌ಗೆ ‘ಸ್ಕಾಕೋ’, ರಷ್ಯನ್ನರು ಇವತ್ತಿಗೂ ‘ಶಾಹ್’ ಅಂತಲೇ ಕೂಗುತ್ತಾರೆ. ಎಲ್ಲಾ ಸಾಕ್ಷಿಗಳೂ ಒಂದೇ ಕಥೆ ಹೇಳಿದರೆ ಮುಂದೆ ಹೋಗಬಹುದು.

ಹೆಜ್ಜೆ 5: ಅರ್ಥ ಹಾರಿದ ಜಾಗದಲ್ಲಿ ಒಂದು ವಸ್ತು ಇರುತ್ತದೆ, ಅದನ್ನು ಹುಡುಕಿ

ನನಗೆ ಜಾಸ್ತಿ ಖುಷಿ ಕೊಟ್ಟ ಹೆಜ್ಜೆ ಇದು. ಇಲ್ಲಿ ಅವಸರ ಮಾಡಬೇಡಿ.

ರಾಜ ಅನ್ನುವ ಪದ ‘ತಡೆ’ ಆಗಿದ್ದು ಸುಲಭವಾಗಿ ತಿಳಿಯುತ್ತದೆ. ಚದುರಂಗದಲ್ಲಿ ಎದುರಿನವರು “ಚೆಕ್” ಅಂದ ಕೂಡಲೇ ನಿಮ್ಮ ಕೈ ಕಟ್ಟಿಹೋಗುತ್ತದೆ. ನೀವು ಹಾಕಿಕೊಂಡ ಯೋಜನೆ ಎಷ್ಟೇ ಚೆನ್ನಾಗಿರಲಿ, ಮೊದಲು ರಾಜನನ್ನು ಉಳಿಸಲೇಬೇಕು. ಆ ಅನುಭವವೇ ತಡೆ. ಅಲ್ಲಿಂದ ನೀರಿಗೆ ತಡೆ, ಗಾಡಿಗೆ ತಡೆ, ಕೋಪಕ್ಕೆ ತಡೆ. ಆಮೇಲೆ ಮೋಸಕ್ಕೆ ತಡೆ, ಅಂದರೆ ಲೆಕ್ಕ ಸರಿಯಿದೆಯಾ ಅಂತ ಇನ್ನೊಂದು ಪ್ರತಿಯ ಜೊತೆ ಹೋಲಿಸುವುದು. ನಮ್ಮ ‘ಚೆಕ್ ಮಾಡು’ ಹುಟ್ಟಿದ್ದು ಹೀಗೆ.

ಚೌಕಳಿ ಕೂಡ ಸುಲಭ. ಚದುರಂಗದ ಹಲಗೆಗೆ ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕಿಯೇರ್’ ಅಂತಿದ್ದರು. ಆ ಹಲಗೆಯ ಮನೆಗಳ ಹಾಗೆ ಕಾಣುವ ಬಟ್ಟೆಗೂ ಅದೇ ಹೆಸರು ಬಂತು.

ಆದರೆ ಹಲಗೆಗೂ ಹಣಕ್ಕೂ ಏನು ಸಂಬಂಧ? ಇಲ್ಲಿ ಒಂದು ನಿಜವಾದ ಮೇಜು ಇದೆ. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಖಜಾನೆಯ ಲೆಕ್ಕ ಮಾಡುತ್ತಿದ್ದ ಮೇಜು. ಎರಡನೇ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದಲ್ಲಿ ಅದರ ಬಗ್ಗೆ ಗುರು ಶಿಷ್ಯರ ಮಾತಿನ ರೂಪದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾನೆ. ಮೇಜು ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ಮೇಲಿಟ್ಟದ್ದು ಕೆಳಗೆ ಬೀಳದ ಹಾಗೆ ಸುತ್ತಲೂ ನಾಲ್ಕು ಬೆರಳು ಎತ್ತರದ ಅಂಚು. ಮೇಜಿನ ಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಒಂದಡಿ ಅಥವಾ ಒಂದು ಗೇಣು ಅಂತರಕ್ಕೆ ಗೆರೆಗಳು. ಒಂದೊಂದು ಸಾಲು ಒಂದೊಂದು ಲೆಕ್ಕಕ್ಕೆ, ಪೆನ್ನಿ ನಾಣ್ಯಕ್ಕೊಂದು, ಶಿಲ್ಲಿಂಗಿಗೊಂದು, ಪೌಂಡಿಗೊಂದು, ಹೀಗೆ ದೊಡ್ಡದಾಗುತ್ತಾ ಹೋಗುತ್ತದೆ. ಜಿಲ್ಲೆಗಳಿಂದ ಬಂದ ಶೆರಿಫ್‌ಗಳು ತಾವು ಕಟ್ಟಬೇಕಾದ ಹಣದ ಲೆಕ್ಕ ಒಪ್ಪಿಸಲು ಅಲ್ಲಿ ಕೂರುತ್ತಿದ್ದರು. ಲೆಕ್ಕದವನು ಗೆರೆಗಳ ನಡುವೆ ಕಾಯಿಗಳನ್ನು ಇಟ್ಟು, ಸರಿಸಿ, ತೆಗೆದು ಕೂಡಿ ಕಳೆಯುತ್ತಿದ್ದ. ರೋಮನ್ ಅಂಕಿಯಲ್ಲಿ ಕಾಗದದ ಮೇಲೆ ಕೂಡುವುದು ಕಷ್ಟ, ಕಾಯಿ ಇಟ್ಟರೆ ಎಲ್ಲರ ಕಣ್ಣಿಗೂ ಕಾಣುತ್ತದೆ.

ನಮ್ಮಲ್ಲಿ ಚೌಕಾಬಾರದ ಮಣೆಯ ಸುತ್ತ ಕೂತವರನ್ನು ನೆನಪಿಸಿಕೊಳ್ಳಿ, ಅಂಥದ್ದೇ ನೋಟ. ಫಿಟ್ಸ್‌ನೀಲ್‌ನ ಗುರು ಕೂಡ ಅದನ್ನೇ ಹೇಳುತ್ತಾನೆ: ಈ ಮೇಜು ಚದುರಂಗದ ಹಲಗೆಯ ಹಾಗಿದೆ, ಇಲ್ಲಿ ಖಜಾಂಚಿಗೂ ಶೆರಿಫ್‌ಗೂ ಯುದ್ಧ ನಡೆಯುತ್ತದೆ ಅಂತ. ಅದಕ್ಕೇ ಆ ಕಚೇರಿಗೆ ‘ಎಕ್ಸ್‌ಚೆಕರ್’ ಅನ್ನುವ ಹೆಸರು ನಿಂತಿತು. ಇವತ್ತಿಗೂ ಬ್ರಿಟನ್ನಿನ ಹಣಕಾಸು ಸಚಿವರ ಹುದ್ದೆಯ ಹೆಸರಿನಲ್ಲಿ ಆ ಮೇಜುಬಟ್ಟೆ ಇದೆ, ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಅಂತ.

ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಬಟ್ಟೆಯ ಹತ್ತಿರ. ಆದರೆ ಬ್ಯಾಂಕಿನ ಚೆಕ್ ನೇರವಾಗಿ ಇದರಿಂದ ಹುಟ್ಟಿದ್ದಲ್ಲ, ಇಲ್ಲಿ ಒಂದು ಸಣ್ಣ ತಿರುವು ಇದೆ. 18ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹಣದ ಕಾಗದ ಕೊಟ್ಟಾಗ ಅದರ ಒಂದು ಭಾಗವನ್ನು ಕೊಟ್ಟವರೇ ಇಟ್ಟುಕೊಳ್ಳುತ್ತಿದ್ದರು. ಯಾರಾದರೂ ಖೋಟಾ ಕಾಗದ ತಂದರೆ ಈ ಭಾಗದ ಜೊತೆ ಹೋಲಿಸಿ ಹಿಡಿಯಬಹುದು. ಮೋಸ ತಡೆಯುವ ಆ ಉಳಿದ ತುಂಡಿಗೆ ‘ಚೆಕ್’ ಅನ್ನುತ್ತಿದ್ದರು. ಹಳೆಯ ಚೆಕ್ ಬುಕ್ಕಿನಲ್ಲಿ ಹಾಳೆ ಹರಿದ ಮೇಲೆ ಎಡಕ್ಕೆ ಒಂದು ಪಟ್ಟಿ ಉಳಿಯುತ್ತಿತ್ತಲ್ಲ, ಅದೇ. ಹೆಸರು ಮೊದಲು ಇದ್ದದ್ದು ಆ ಪಟ್ಟಿಗೆ, ಆಮೇಲೆ ಹರಿದು ಕೊಟ್ಟ ಹಾಳೆಗೆ ದಾಟಿತು. ಕೊನೆಗೆ ಕೆ ಬದಲು ಕ್ಯೂ-ಯು-ಇ ಬರೆಯುವ ಪದ್ಧತಿ ಬಂದದ್ದು ಎಕ್ಸ್‌ಚೆಕರ್ ಪದದ ಪ್ರಭಾವದಿಂದ. ಅಮೆರಿಕದವರು ಈಗಲೂ ಹಳೆಯ ಹಾಗೆ ಕೆ ಹಾಕಿಯೇ ಬರೆಯುತ್ತಾರೆ. ನಮ್ಮ 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಬ್ರಿಟಿಷ್ ಕಾಗುಣಿತವೇ ಇದೆ. ಚೆಕ್ ಬೌನ್ಸ್ ಆದಾಗ ಲಾಯರ್ ಹೇಳುವ ಸೆಕ್ಷನ್ 138 ಇರುವುದು ಇದೇ ಕಾಯ್ದೆಯಲ್ಲಿ.

ಹೆಜ್ಜೆ 6: ಸದ್ದು ಹೋಲಿದ ಮಾತ್ರಕ್ಕೆ ನಂಬಬೇಡಿ

ಈಗ ಚೆಕ್ಕುಬಂದಿಗೆ ಬರೋಣ. ಸೈಟು, ಜಮೀನು ಕೊಂಡವರಿಗೆಲ್ಲ ಈ ಪದ ಗೊತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು, ಉತ್ತರಕ್ಕೆ, ದಕ್ಷಿಣಕ್ಕೆ ಅಂತ ಬರೆದಿರುತ್ತಾರೆ. ನಾಲ್ಕು ದಿಕ್ಕು ‘ಚೆಕ್’ ಮಾಡಿ ಬರೆಯುವುದರಿಂದ ಚೆಕ್ಕುಬಂದಿ ಅಂತ ಒಬ್ಬರು ನನಗೆ ಖಚಿತವಾಗಿ ಹೇಳಿದ್ದರು. ಕೇಳಲು ಸರಿಯಾಗಿಯೇ ಇದೆ. ಆದರೆ ಇದರ ಸರಿಯಾದ ರೂಪ ಚಕ್ಕುಬಂದಿ. ‘ಚಕ್’ ಅಂದರೆ ಭೂಮಿಯ ಒಂದು ತುಂಡು. ‘ಬಂದಿ’ ಪರ್ಷಿಯನ್ನಿನದು, ಕಟ್ಟುವುದು, ಗೊತ್ತುಮಾಡುವುದು ಅಂತ. ಜಮಾಬಂದಿ, ನಾಕಾಬಂದಿಯಲ್ಲಿ ಇರುವ ಬಂದಿಯೇ ಇದು. ಕಂದಾಯ ಇಲಾಖೆಯ ಮಾತಿನಲ್ಲಿ ಇಂಥ ಪರ್ಷಿಯನ್ ಪದ ರಾಶಿ ಇವೆ. ಇಂಗ್ಲಿಷ್ ಚೆಕ್‌ಗೂ ಇದಕ್ಕೂ ಸಂಬಂಧ ಇಲ್ಲ. ಜನ ಚೆಕ್ ಪದ ಕಲಿತ ಮೇಲೆ ‘ಚ’ ಹೋಗಿ ‘ಚೆ’ ಆಗಲು ಇನ್ನಷ್ಟು ಸುಲಭವಾಯಿತು ಅನ್ನುವುದು ನನ್ನ ಊಹೆ.

ಇನ್ನೊಂದು ದೊಡ್ಡ ಬಲೆ ಇದೆ. ಬ್ಯಾಂಕಿನ ಚೆಕ್ ಅರಬ್ಬಿಯ ‘ಸಕ್ಕ್’ನಿಂದ ಬಂತು ಅಂತ ಇಂಟರ್ನೆಟ್ ತುಂಬಾ ಇದೆ. ಸಕ್ಕ್ ಸುಳ್ಳಲ್ಲ. ಅರಬ್ ವ್ಯಾಪಾರಿಗಳು ಹಣ ಕೊಡಿಸಲು ಬರೆದುಕೊಡುತ್ತಿದ್ದ ಪತ್ರ ಅದು. ಸದ್ದೂ ಹೋಲುತ್ತದೆ, ಅರ್ಥವೂ ಹೋಲುತ್ತದೆ. ಹಾಗಾದರೆ ಯಾಕೆ ಒಪ್ಪುವುದಿಲ್ಲ? ದಾರಿಯಲ್ಲಿ ಹೆಜ್ಜೆ ಗುರುತು ಇಲ್ಲ, ಅದಕ್ಕೆ. ಸಕ್ಕ್‌ನಿಂದ ನೇರ ಬಂದಿದ್ದರೆ ಇಂಗ್ಲಿಷಿನಲ್ಲಿ ಅದರ ಮೊದಲ ಅರ್ಥವೇ ಹಣದ ಪತ್ರ ಅಂತ ಇರಬೇಕಿತ್ತು. ಆದರೆ ದಾಖಲೆಗಳಲ್ಲಿ ಮೊದಲ ಅರ್ಥ ‘ಉಳಿದ ತುಂಡು’, ಕಾಗುಣಿತವೂ ‘ತಡೆ’ ಚೆಕ್‌ನದೇ. ಹೆಜ್ಜೆ 3ರಲ್ಲಿ ಕಾಲ ಬರೆದುಕೊಳ್ಳಿ ಅಂದದ್ದು ಇದಕ್ಕೇ.

ಸದ್ದು, ಅರ್ಥ ಎರಡೂ ಕಾಕತಾಳೀಯವಾಗಿ ಕೂಡಬಹುದು. ಬದ್ಮಾಷ್‌ನಲ್ಲಿರುವ ಪರ್ಷಿಯನ್ ‘ಬದ್’ ಅಂದರೆ ಕೆಟ್ಟದ್ದು, ಇಂಗ್ಲಿಷಿನ ‘ಬ್ಯಾಡ್’ ಅಂದರೂ ಕೆಟ್ಟದ್ದು. ಎರಡಕ್ಕೂ ನೆಂಟಸ್ತಿಕೆ ಇಲ್ಲ. ಹಾಗೆಯೇ ನಾಲ್ಕು ದಿಕ್ಕಿನ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿ ‘ನ್ಯೂಸ್’ ಆಯಿತು ಅನ್ನುವ ವಾಟ್ಸಾಪ್ ಕಥೆ. ನ್ಯೂಸ್ ಅಂದರೆ ‘ಹೊಸವು’, ನ್ಯೂ ಪದದ ಬಹುವಚನ, ಅಷ್ಟೇ. ಹಳೆಯ ಪದವೊಂದು ಅಕ್ಷರ ಜೋಡಿಸಿ ಹುಟ್ಟಿತು ಅಂತ ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ.

ಹೆಜ್ಜೆ 7: ಮಗು ಯಾರು, ದಾಯಾದಿ ಯಾರು

ಶಾಹ್ ಪದ ನಮಗೆ ಹೊಸದೇನಲ್ಲ. 1490ರಿಂದ 1686ರವರೆಗೆ ವಿಜಯಪುರ ಆಳಿದ ಆದಿಲ್ ಶಾಹಿಗಳ ಹೆಸರಿನಲ್ಲಿ ಇದೆ, ಬಾದಶಹ ಪದದಲ್ಲಿ ಇದೆ. ಅಂದರೆ ಒಂದೇ ಪದ ಕನ್ನಡ ನಾಡಿಗೆ ಎರಡು ಸಲ ಬಂತು. ಒಮ್ಮೆ ಪರ್ಷಿಯನ್ನಿನಿಂದ ಶಾಹ್ ಆಗಿ, ಇನ್ನೊಮ್ಮೆ ಯುರೋಪ್ ಸುತ್ತಿ ಚೆಕ್ ಆಗಿ.

ಇನ್ನೂ ಹಿಂದೆ ಹೋಗಿ. ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ದೊರೆ ದಾರಯವೌಷ್ ಕ್ರಿಸ್ತಪೂರ್ವ 520ರ ಸುಮಾರಿಗೆ ಬರೆಸಿದ ಶಾಸನ ಇದೆ. ಅಲ್ಲಿ ರಾಜ ಅನ್ನಲು ಹಳೆಯ ಪರ್ಷಿಯನ್ ಪದ ‘ಕ್ಷಾಯಥಿಯ’. ರಾಜಾಧಿರಾಜ ಅನ್ನಲು ‘ಕ್ಷಾಯಥಿಯ ಕ್ಷಾಯಥಿಯಾನಾಂ’. ಆ ‘ಆನಾಂ’ ನೋಡಿ, ಅಶೋಕನ ‘ದೇವಾನಾಂ ಪ್ರಿಯ’ದಲ್ಲಿ ಇರುವಂಥದ್ದೇ! ಈ ಕ್ಷಾಯಥಿಯ ಸವೆದು ಶಾಹ್ ಆಯಿತು. ಅದರ ಬೇರು ‘ಆಳು’ ಅನ್ನುವ ಅರ್ಥದ್ದು, ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ಗಳ ಬೇರೂ ಅದೇ.

ಇಲ್ಲಿ ಜನ ಮುಗ್ಗರಿಸುತ್ತಾರೆ. “ಚೆಕ್ ಬಂದದ್ದು ಕ್ಷತ್ರಿಯದಿಂದ” ಅಂತ ಹೇಳಿಬಿಡುತ್ತಾರೆ. ಅದು ತಪ್ಪು. ಶಾಹ್ ಮತ್ತು ಚೆಕ್ ತಂದೆ ಮಗನ ಹಾಗೆ. ಕ್ಷತ್ರಿಯ ಮತ್ತು ಶಾಹ್ ದಾಯಾದಿಗಳು, ಇಬ್ಬರಿಗೂ ಅಜ್ಜ ಒಬ್ಬನೇ, ಆದರೆ ಒಬ್ಬರು ಇನ್ನೊಬ್ಬರಿಗೆ ಹುಟ್ಟಿದವರಲ್ಲ. ನಿಘಂಟಿನಲ್ಲಿ ‘ಇದರಿಂದ ಬಂದದ್ದು’ ಅಂತ ಇದೆಯೋ, ‘ಇದಕ್ಕೆ ಸಂಬಂಧಿಸಿದ್ದು’ ಅಂತ ಇದೆಯೋ ಅನ್ನುವುದನ್ನು ಪ್ರತಿ ಸಲವೂ ನೋಡಿಯೇ ಬರೆಯಿರಿ. ಕ್ಷತ್ರಿಯದ ಅಭಿಮಾನಕ್ಕೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಹೆಜ್ಜೆ 8: ಒಂದೇ ಪುಟದಲ್ಲಿ ಬರೆದಿಡಿ

ಹುಡುಕಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಬರೆದರೆ ನಿಲ್ಲುತ್ತದೆ. ಪುಟದ ಮೇಲೆ ಪದ. ಕೆಳಗೆ ಮೆಟ್ಟಿಲುಗಳು, ಒಂದೊಂದಕ್ಕೂ ಭಾಷೆ ಮತ್ತು ಶತಮಾನ. ಬಲಕ್ಕೆ ಅರ್ಥಗಳು, ಬಂದ ಕಾಲದ ಕ್ರಮದಲ್ಲಿ. ತಪ್ಪು ದಾರಿಗಳಿಗೂ ಒಂದು ಮೂಲೆ ಇಡಿ, ಇಲ್ಲದಿದ್ದರೆ ಆರು ತಿಂಗಳ ಮೇಲೆ ಸಕ್ಕ್ ಕಥೆ ಮತ್ತೆ ಹೊಸದಾಗಿ ಕಾಣುತ್ತದೆ. ಎರಡು ಅಭಿಪ್ರಾಯ ಇದ್ದರೆ ಎರಡನ್ನೂ ಬರೆಯಿರಿ. ಚೆಕ್‌ಮೇಟ್ ಬಂದದ್ದು ‘ಶಾಹ್ ಮಾತ್’ನಿಂದ. ಅದನ್ನು ಅರಬ್ಬಿಯಲ್ಲಿ ಓದಿದರೆ ‘ರಾಜ ಸತ್ತ’, ಪರ್ಷಿಯನ್ ಕಡೆಯಿಂದ ಓದಿದರೆ ‘ರಾಜನಿಗೆ ದಿಕ್ಕು ತೋಚದಾಯಿತು’. ನನಗೆ ಎರಡನೆಯದೇ ಹಿಡಿಸುತ್ತದೆ, ಆಟದಲ್ಲಿ ರಾಜನನ್ನು ಕೊಲ್ಲುವುದಿಲ್ಲವಲ್ಲ, ಓಡಲು ಮನೆ ಇಲ್ಲದ ಹಾಗೆ ಮಾಡುತ್ತೇವೆ.

ನಮ್ಮ ನೋಟ್‌ಬುಕ್ಕಿನ ಮುಂದಿನ ಪುಟ ಮಗಳದು. ಅವಳು ಆರಿಸಿದ್ದು ‘ಟಿಕೆಟ್’. ಹಳೆಯ ಫ್ರೆಂಚಿನಲ್ಲಿ ‘ಎಸ್ತಿಕೆ’ ಅಂತ ನೋಡಿದ ಕೂಡಲೇ ಅವಳೇ ಹೇಳಿದಳು, “ಅಪ್ಪಾ, ಇಲ್ಲೂ ತಲೆ ಉದುರಿದೆ!” ಆಮೇಲೆ ಪೆನ್ಸಿಲ್ಲಿನಲ್ಲಿ ಪಕ್ಕದಲ್ಲಿ ‘ಎಟಿಕೆಟ್’ ಅಂತ ಬರೆದು, ಎರಡಕ್ಕೂ ನಡುವೆ ಒಂದು ಗೆರೆ ಎಳೆದಳು.